ಗಂಗೊಳ್ಳಿಗೆ ಬಂದ ಫರ್ಸಾಣ್ ಪ್ಯಾಕೆಟ್

ಪ್ರಶ್ನೆ ಇಷ್ಟು: ನದಿಗೂ ಕಡಲಿಗೂ ಸೇರುವ ಪ್ಲಾಸ್ಟಿಕ್ ತಡೆಯಲು ಪಶ್ಚಿಮ ಕರಾವಳಿಯ ರಾಜ್ಯಗಳು ಕೂಡಿ ಒಂದು ಜಂಟಿ ಮಂಡಳಿ ಮಾಡಿಕೊಳ್ಳಬೇಕೆ, ಬೇಡವೆ?

ಬರೆದ ಇಬ್ಬರೂ ಮುಂಬೈ ಕನ್ನಡಿಗರು, ಇಬ್ಬರ ಊರೂ ಕುಂದಾಪುರದ ಆಸುಪಾಸು. ಒಬ್ಬರದು ಸಸೂನ್ ಡಾಕ್‌ನಲ್ಲಿ ಮೀನಿನ ವ್ಯಾಪಾರ, ಇನ್ನೊಬ್ಬರದು ಕುರ್ಲಾದಲ್ಲಿ ಹೋಟೆಲು. ಮೀನಿನವರ ಅಕ್ಕನನ್ನು ಹೋಟೆಲಿನವರಿಗೆ ಕೊಟ್ಟಿದೆ. ಹಾಗಾಗಿ ಇವರೂ ಅವರಿಗೆ ಭಾವ, ಅವರೂ ಇವರಿಗೆ ಭಾವ. ಮಾಟುಂಗಾದ ಮದುವೆಯೊಂದರ ಊಟದ ಪಂಕ್ತಿಯಲ್ಲಿ ಶುರುವಾದ ಜಗಳ ಪಾಯಸ ಬಂದರೂ ನಿಲ್ಲಲಿಲ್ಲ. ಬರೆದು ಕೊಡಿ ಎಂದದ್ದಕ್ಕೆ ಇಬ್ಬರೂ ಬರೆದು ಕೊಟ್ಟರು. ಮೀನಿನವರದು ಪರ, ಹೋಟೆಲಿನವರದು ವಿರೋಧ.

ಪರ
ಜೂನ್ ಒಂದಕ್ಕೆ ಬೋಟು ನಿಲ್ಲುತ್ತದಲ್ಲ!

ಹೋದ ಆಗಸ್ಟಿನಲ್ಲಿ ಊರಿಗೆ ಹೋದವನಿಗೆ ಗಂಗೊಳ್ಳಿಯ ದಂಡೆಯಲ್ಲಿ ಒಂದು ಫರ್ಸಾಣ್ ಪ್ಯಾಕೆಟ್ ಸಿಕ್ಕಿತು. ಫರ್ಸಾಣ್ ಎಂದರೆ ಮುಂಬೈ ಕಡೆಯ ಖಾರದ ಕುರುಕಲು. ಖಾಲಿ ಪ್ಯಾಕೆಟ್. ಹೊರಗಿನ ಬಣ್ಣವೆಲ್ಲ ಹೋಗಿ, ಒಳಗಿನ ಬೆಳ್ಳಿ ಬಣ್ಣ ಮಾತ್ರ ಹೊಸದರ ಹಾಗೆ ಹೊಳೆಯುತ್ತಿತ್ತು. ಮೂಲೆಯಲ್ಲಿ ಉಳಿದಿದ್ದ ನಾಲ್ಕು ಅಕ್ಷರ ಮರಾಠಿಯವು. ಭಾವನಿಗೆ ತೋರಿಸಿದರೆ, "ಚೌತಿಗೆ ಊರಿಗೆ ಹೋದ ಯಾವನೋ ಮುಂಬೈಯವ ತಿಂದು ಬಿಸಾಡಿದ್ದು" ಎಂದುಬಿಟ್ಟರು. ಇರಬಹುದಿತ್ತು. ಆದರೆ ಬೋಟಿನ ಅಡಿಗೆ ಅಂಟುತ್ತದಲ್ಲ, ಆ ಬಿಳಿ ಚಿಪ್ಪು ಪ್ಯಾಕೆಟ್ಟಿನ ಅಂಚಿಗೆ ಸಾಲಾಗಿ ಹಿಡಿದುಕೊಂಡಿತ್ತು. ಬಸ್ಸಿನಲ್ಲಿ ಬಂದ ಪ್ಯಾಕೆಟ್ಟಿಗೆ ಚಿಪ್ಪು ಅಂಟುವುದಿಲ್ಲ. ಅದು ವಾರಗಟ್ಟಲೆ ಕಡಲಿನಲ್ಲಿ ತೇಲಿ ಬಂದದ್ದು.

ಎಲ್ಲಿಂದ ಬಂತು ಎಂಬುದಕ್ಕೆ ಅಕ್ಷರಕ್ಕಿಂತ ನೀರಿನ ಓಟವೇ ದೊಡ್ಡ ಸಾಕ್ಷಿ. ಮಳೆಗಾಲದಲ್ಲಿ ನಮ್ಮ ಕರಾವಳಿಯ ನೀರು ತೆಂಕು ಹರಿಯುತ್ತದೆ, ಚಳಿಗಾಲದಲ್ಲಿ ತಿರುಗಿ ಬಡಗು ಹರಿಯುತ್ತದೆ. ಮೀನು ಹಿಡಿಯುವವರಿಗೆ ಇದು ಅಜ್ಜನ ಕಾಲದಿಂದ ಗೊತ್ತು. ಗೋವಾದ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಅಳೆದು ಬರೆದದ್ದೂ ಇದನ್ನೇ. ಮುಂಬೈಯ ನಾಲಾಗಳು, ಅಂದರೆ ದೊಡ್ಡ ಚರಂಡಿಗಳು, ವರ್ಷವಿಡೀ ಕೂಡಿಟ್ಟ ಕಸವನ್ನು ಕಡಲಿಗೆ ತಳ್ಳುವುದು ಜೂನ್-ಜುಲೈ ಮಳೆಯಲ್ಲಿ. ನೀರು ತೆಂಕು ಓಡುವುದೂ ಆಗಲೇ. ಮುಂದೆ ರತ್ನಾಗಿರಿ, ಮಾಲ್ವಣ, ಗೋವಾ, ಕಾರವಾರ. ಚಳಿಗಾಲಕ್ಕೆ ಸರದಿ ನಮ್ಮದು. ಮಂಗಳೂರು, ಮಲ್ಪೆಯ ಕಸ ಬಡಗಿನವರಿಗೆ. ಇದರಲ್ಲಿ ಯಾರೂ ಸಾಚಾ ಅಲ್ಲ.

ದಂಡೆಗೆ ಬಂದದ್ದು ಕಣ್ಣಿಗಾದರೂ ಬೀಳುತ್ತದೆ. ಥೈಲಿ (ಪ್ಲಾಸ್ಟಿಕ್ ಚೀಲ), ಪ್ಯಾಕೆಟ್ಟು, ಬಾಟಲಿಯ ಮುಚ್ಚಳ ನೀರಿಗಿಂತ ಹಗುರ, ತೇಲುತ್ತವೆ. ಬಾಟಲಿಯ ಪ್ಲಾಸ್ಟಿಕ್ ನೀರಿಗಿಂತ ಭಾರ. ಮುಚ್ಚಳ ಕಳಚಿ ನೀರು ಹೊಕ್ಕರೆ ತಳ ಸೇರಿತು. ಥೈಲಿಯೂ ಕೆಸರು ಹಿಡಿದರೆ ಮುಳುಗುತ್ತದೆ. ಈ ಮುಳುಗಿದ ಮಾಲು ಏನೆಂದು ಗೊತ್ತಿರುವುದು ಡೋಲ್ ಬಲೆಯ ಕೋಲಿಗಳಿಗೆ, ಮುಂಬೈಯ ಮೂಲ ಮೀನುಗಾರರಿಗೆ.

ಡೋಲ್ ಎಂದರೆ ಚೀಲದಂಥ ಬಲೆ. ಬಾಯಿ ಅಗಲ, ಬಾಲ ಸಪೂರ. ನೀರಿನ ಸೆಳೆತಕ್ಕೆ ಎದುರಾಗಿ ಗೂಟಕ್ಕೋ ಲಂಗರಿಗೋ ಕಟ್ಟಿ ಬಿಟ್ಟರೆ ಸೆಳೆತ ತಂದದ್ದೆಲ್ಲ ಒಳಗೆ. ಬೊಂಬಿಲ್ ಮೀನು ಬಂದರೆ ಬೊಂಬಿಲ್, ಜವಳಾ ಸಿಗಡಿ ಬಂದರೆ ಜವಳಾ. ವರ್ಸೋವಾದ ಪರಿಚಯದವರ ಬೋಟಿನಲ್ಲಿ ಒಮ್ಮೆ ಹೋಗಿದ್ದೆ. ಬಾಲದ ಗಂಟು ಬಿಚ್ಚಿದಾಗ ದೊಪ್ಪನೆ ಮೊದಲು ಬಿದ್ದದ್ದು ಮೀನಲ್ಲ, ಕಪ್ಪಗೆ ನಾರುವ ಥೈಲಿಗಳ ಮುದ್ದೆ. ಅದರೊಳಗೆ ಬೊಂಬಿಲ್ ಅಲ್ಲೊಂದು ಇಲ್ಲೊಂದು. ಬೊಂಬಿಲ್ ಮೈ ಬೆಣ್ಣೆಯಂಥದ್ದು; ಥೈಲಿಯಿಂದ ಬಿಡಿಸುವಷ್ಟರಲ್ಲಿ ಹೊಟ್ಟೆ ಒಡೆದಿರುತ್ತದೆ. ಹೊಟ್ಟೆ ಒಡೆದ ಮೀನಿಗೆ, ಬೋಟು ಮೀನಿಳಿಸುವ ಧಕ್ಕೆಯಲ್ಲಿ, ನಾನೇ ಕಮ್ಮಿ ದರ ಹೇಳುತ್ತೇನೆ. ಪಾಪ ಅನಿಸುತ್ತದೆ, ಆದರೂ ಹೇಳುತ್ತೇನೆ. ಬಿಡಿಸಿದ ಪ್ಲಾಸ್ಟಿಕ್ ಏನು ಮಾಡುತ್ತೀರಿ ಎಂದು ಕೇಳಿದೆ. ಅವರು ನಕ್ಕು ಕಡಲು ತೋರಿಸಿದರು. ದಡಕ್ಕೆ ತಂದರೆ ಹಿಡಿದುಕೊಳ್ಳುವವರಿಲ್ಲ, ಬೋಟಿನಲ್ಲಿ ಇಟ್ಟುಕೊಳ್ಳಲು ಜಾಗವಿಲ್ಲ.

ಈಗ ಮಂಡಳಿಯ ಮಾತು. ರಾಜ್ಯ ರಾಜ್ಯಗಳು ಒಂದಾಗುವುದು ಕನಸು ಎನ್ನುವವರು ಜೂನ್ ಒಂದನೇ ತಾರೀಕು ಯಾವುದಾದರೂ ಧಕ್ಕೆಗೆ ಬಂದು ನೋಡಬೇಕು. ಕರೆಯಿಂದ 12 ನಾಟಿಕಲ್ ಮೈಲಿಯ ಒಳಗಿನ ಮೀನುಗಾರಿಕೆ ರಾಜ್ಯದ್ದು, ಆಚೆಯದು ಕೇಂದ್ರದ್ದು. ಹಾಗಿದ್ದೂ ಪಶ್ಚಿಮ ಕರಾವಳಿಗೆ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್. ಸಸೂನ್ ಡಾಕ್‌ನಲ್ಲೂ ಬಂದ್, ಮಲ್ಪೆಯಲ್ಲೂ ಬಂದ್. ಕೇರಳದವರು ಮಾತ್ರ 52 ದಿನವೆಂದು ಹಟ ಹಿಡಿದಿದ್ದಾರೆ, ಅದಕ್ಕಾಗಿ ವರ್ಷವೂ ಮಾತುಕತೆ ನಡೆಯುತ್ತದೆ, ನಡೆಯಲಿ. ಮುಖ್ಯ ಸಂಗತಿ ಏನೆಂದರೆ, ರತ್ನಾಗಿರಿಯ ಬೋಟು ಓಡುತ್ತಿದ್ದರೆ ಮಲ್ಪೆಯವನು ತನ್ನ ಬೋಟು ಕಟ್ಟುವುದಿಲ್ಲ. ಎಲ್ಲರೂ ಕಟ್ಟುತ್ತಾರೆಂಬ ಧೈರ್ಯಕ್ಕೆ ಒಬ್ಬೊಬ್ಬನೂ ಕಟ್ಟುತ್ತಾನೆ. ಗೋವಾದ ಕಡಲಲ್ಲಿ ಮಲ್ಪೆ ಬೋಟು ಹಿಡಿದರು, ಸಿಂಧುದುರ್ಗದಲ್ಲಿ ಹಿಡಿದರು ಎಂದು ಹೊಡೆದಾಡುವ ಇದೇ ಜನ ಈ ಒಂದು ತಾರೀಕಿಗೆ ಒಪ್ಪಿದ್ದಾರೆ.

ಅದೇ ಧೈರ್ಯ ಬಲೆಗೂ ಬೇಕು. ಹರಿದ ನೈಲಾನ್ ಬಲೆಯನ್ನು ಕತ್ತರಿಸಿ ಕಡಲಿಗೆ ಬಿಡುವುದು ಸುಲಭ. ಅದು ಕೊಳೆಯುವುದಿಲ್ಲ, ಯಾರೂ ಎಳೆಯದಿದ್ದರೂ ಮೀನು, ಆಮೆ ಹಿಡಿಯುತ್ತಲೇ ಇರುತ್ತದೆ. ನಮ್ಮ ಬೋಟುಗಳು ಒಂದೇ ಧಕ್ಕೆಯ ಋಣದವಲ್ಲ. ಇವತ್ತು ಇಲ್ಲಿ ಮೀನು ಇಳಿಸಿದರೆ ನಾಳೆ ಪಕ್ಕದ ರಾಜ್ಯದಲ್ಲಿ. ಗುಜರಾತಿನ ವೆರಾವಳದಿಂದ ಮಂಗಳೂರಿನವರೆಗೆ ಪ್ರತಿ ಧಕ್ಕೆಯಲ್ಲಿ ಹಳೇ ಬಲೆ, ಬಲೆಗೆ ಸಿಕ್ಕ ಪ್ಲಾಸ್ಟಿಕ್ ತೂಗಿ ತೆಗೆದುಕೊಳ್ಳುವ ಒಂದು ಕಟ್ಟೆ, ಎಲ್ಲ ಕಡೆ ಒಂದೇ ದರ. ಕೊಲ್ಲಂ ಜಿಲ್ಲೆಯ ನೀಂಡಕರದಲ್ಲಿ 2017ರಿಂದ ಟ್ರಾಲರಿನವರು ಕಸ ದಡಕ್ಕೆ ತಂದರು, ಅದನ್ನು ಪುಡಿ ಮಾಡಿ ರಸ್ತೆಯ ಡಾಂಬರಿಗೆ ಬೆರೆಸಿದರು. ಆಗುವ ಕೆಲಸವೇ.

ಥೈಲಿಯ ಕತೆಯನ್ನು ಭಾವನ ಹೋಟೆಲಿನಿಂದಲೇ ಹೇಳಬಹುದು. ಕರ್ನಾಟಕ 2016ರಲ್ಲಿ ನಿಷೇಧಿಸಿತು, ಮಹಾರಾಷ್ಟ್ರ 2018ರಲ್ಲಿ. ಅವರ ಹೋಟೆಲಿಗೆ ಥೈಲಿ ಹಾಕುವವನು ಒಂದು ತಿಂಗಳು ಮಾಯವಾಗಿ ಮತ್ತೆ ಬಂದ. ಮಾಲೆಲ್ಲಿಯದೆಂದು ಕೇಳಿದರೆ, "ಬಾರ್ಡರಿನ ಆಚೆಯದು ಸೇಠ್" ಎಂದ. ಒಂದು ರಾಜ್ಯ ಬಾಗಿಲು ಹಾಕಿ ಪಕ್ಕದ್ದು ತೆರೆದಿದ್ದರೆ ಆಗುವುದು ಇಷ್ಟೇ.

ನದಿಯಲ್ಲಿ ಇದು ಇನ್ನೂ ಸ್ಪಷ್ಟ. ಪುಣೆಯ ಮುಳಾ-ಮುಠಾ ಹೊತ್ತದ್ದೆಲ್ಲ ಭೀಮೆಗೆ, ಭೀಮೆ ಉಜನಿ ಅಣೆಕಟ್ಟು ದಾಟಿ ಸೊಲ್ಲಾಪುರ, ಕಲಬುರಗಿ, ಯಾದಗಿರಿ ಕಡೆಗೆ ಬಂದು ಕೃಷ್ಣೆಗೆ. ಕೊಲ್ಹಾಪುರ, ಇಚಲಕರಂಜಿಯದು ಪಂಚಗಂಗೆಯಿಂದ ಕೃಷ್ಣೆಗೆ, ಅಲ್ಲಿಂದ ಬೆಳಗಾವಿ ಜಿಲ್ಲೆಗೆ. ಕೃಷ್ಣೆಯ ನೀರಿಗೆ 1969ರಿಂದ ನ್ಯಾಯಮಂಡಳಿಗಳನ್ನು ಕಂಡಿದ್ದೇವೆ. ಮಹದಾಯಿಯಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಎಂದು ದಶಾಂಶ ಹಾಕಿ ಹಂಚಿದರು. ನೀರಿಗೆ ಇಷ್ಟು ಬಿಗಿಯಾದ ಲೆಕ್ಕ ಇಡುವವರು ಗಡಿಯಲ್ಲಿ ಒಂದು ಜಾಲರಿ ಕಟ್ಟಿ, ವಾರಕ್ಕೆ ಎಷ್ಟು ಪ್ಲಾಸ್ಟಿಕ್ ಬಂತೆಂದು ತೂಗಿದರೆ ಯಾವ ರಾಜ್ಯದ ಮರ್ಯಾದೆ ಹೋಗುತ್ತದೆ? ಬಹುಶಃ ಎಲ್ಲರದೂ. ಅದಕ್ಕೇ ತೂಗುವುದಿಲ್ಲ.

ನನ್ನನ್ನು ಪೂರ್ತಿ ಮಂಡಳಿಯ ಕಡೆಗೆ ತಿರುಗಿಸಿದ್ದು ಹಡಗು. 2021ರ ಮೇ ತಿಂಗಳಲ್ಲಿ ಎಕ್ಸ್-ಪ್ರೆಸ್ ಪರ್ಲ್ ಎಂಬ ಹೊಚ್ಚ ಹೊಸ ಹಡಗಿನ ಒಂದು ಕಂಟೇನರಿನಿಂದ ನೈಟ್ರಿಕ್ ಆಮ್ಲ ಸೋರುತ್ತಿತ್ತು. ಇಳಿಸಿಕೊಳ್ಳಿ ಎಂದು ಕತಾರಿನ ಹಮದ್ ಬಂದರಿನಲ್ಲಿ ಕೇಳಿದರು, ಆಗಲಿಲ್ಲ. ಗುಜರಾತಿನ ಹಜೀರಾದಲ್ಲಿ ಕೇಳಿದರು, ಅಲ್ಲೂ ಆಗಲಿಲ್ಲ. ಸೋರುತ್ತಲೇ ನಮ್ಮ ಪಶ್ಚಿಮ ಕರಾವಳಿಯ ಉದ್ದಕ್ಕೂ ತೆಂಕು ಇಳಿದು ಕೊಲಂಬೋ ಎದುರಿಗೆ ಹೊತ್ತಿಕೊಂಡಿತು. ಸಾವಿರಕ್ಕೂ ಹೆಚ್ಚು ಟನ್ ಪ್ಲಾಸ್ಟಿಕ್ ಕಾಳು ಕಡಲಿಗೆ. ಸಾಬಕ್ಕಿಯಷ್ಟು ಸಣ್ಣ ಕಾಳು. ಥೈಲಿ, ಬಕೀಟು ಮಾಡುವ ಕಾರ್ಖಾನೆಗೆ ಹೋಗುವ ಕಚ್ಚಾ ಮಾಲು. ಶ್ರೀಲಂಕಾದ ಮೀನುಗಾರರು ತಿಂಗಳುಗಟ್ಟಲೆ ಕಡಲಿಗಿಳಿಯಲಾಗಲಿಲ್ಲ. ನಾಲ್ಕು ವರ್ಷದ ಮೇಲೆ, 2025ರ ಮೇ 25ರಂದು, 640 ಕಂಟೇನರ್ ಹೊತ್ತಿದ್ದ ಎಂಎಸ್‌ಸಿ ಎಲ್ಸಾ 3 ಕೊಚ್ಚಿಯ ಆಚೆ ಮುಳುಗಿತು. ಅದೇ ಸಾಬಕ್ಕಿ ಕಾಳು ತಿರುವನಂತಪುರದ ದಂಡೆಗೂ ಕನ್ಯಾಕುಮಾರಿಗೂ ಬಂತು. ಮುಂಬೈಗೂ ಇದು ಹೊಸತಲ್ಲ. 2010ರ ಆಗಸ್ಟಿನಲ್ಲಿ ಎಂಎಸ್‌ಸಿ ಚಿತ್ರಾ ಇನ್ನೊಂದು ಹಡಗಿಗೆ ಡಿಕ್ಕಿ ಹೊಡೆದಾಗ ಕಂಟೇನರುಗಳು ಬಂದರಿನ ಬಾಯಲ್ಲೇ ತೇಲಿದ್ದವು. ಹಡಗಿನಿಂದ ಪ್ಲಾಸ್ಟಿಕ್ ಎಸೆಯಬಾರದೆಂಬ ಅಂತರರಾಷ್ಟ್ರೀಯ ನಿಯಮ 1988ರ ಕೊನೆಯಿಂದ ಇದೆ. ಎಸೆಯದೆ ಬಿದ್ದದ್ದನ್ನು ಯಾವ ದಂಡೆಯವರು ಎತ್ತಬೇಕು, ಯಾರಿಗೆ ಮೊದಲು ಫೋನು ಹೋಗಬೇಕು ಎಂಬುದಕ್ಕೆ ಒಬ್ಬ ಯಜಮಾನ ಬೇಡವೆ?

ದೇಶ ದೇಶಗಳೇ ಕುಳಿತು ಮಾತಾಡಿವೆ. ದಕ್ಷಿಣ ಏಷ್ಯಾದ ಪರಿಸರ ಸಹಕಾರಕ್ಕೆಂದು 1982ರಲ್ಲಿ ಹುಟ್ಟಿದ ಸಂಸ್ಥೆಯೊಂದು ಕೊಲಂಬೋದಲ್ಲಿದೆ, ಹೆಸರು ಸಾಸೆಪ್. ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾ, ಮಾಲ್ಡೀವ್ಸ್ ಸೇರಿ ಕಡಲಿನ ಕ್ರಿಯಾಯೋಜನೆಗೆ 1995ರಲ್ಲಿ ದೆಹಲಿಯಲ್ಲಿ ಒಪ್ಪಿದವು. 2020ರಲ್ಲಿ ವಿಶ್ವಬ್ಯಾಂಕ್ ನದಿ-ಕಡಲಿನ ಪ್ಲಾಸ್ಟಿಕ್‌ಗೆಂದೇ ಇದೇ ಸಂಸ್ಥೆಯ ಮೂಲಕ 5 ಕೋಟಿ ಡಾಲರಿನ ಯೋಜನೆ ಕೊಟ್ಟಿತು. ನಿಧಾನ, ಒಪ್ಪುತ್ತೇನೆ. ಆದರೆ ಪಾಕಿಸ್ತಾನದ ಜೊತೆ ಕೂರಲು ಬರುವವರಿಗೆ ಪಣಜಿಯವರ ಜೊತೆ ಕೂರಲು ಏನು ಕಷ್ಟ?

ನನ್ನ ಮಂಡಳಿಗೆ ಕಟ್ಟಡ ಬೇಡ, ಕೆಂಪು ದೀಪದ ಕಾರು ಬೇಡ. ಮೀನುಗಾರಿಕೆ ಬಂದ್ ಇರುವ 61 ದಿನದಲ್ಲಿ ಎಲ್ಲ ಧಕ್ಕೆಯ ಜನರಿಗೂ ಪುರುಸೊತ್ತು. ಆಗ ವರ್ಷಕ್ಕೊಮ್ಮೆ ಸೇರಿ ಬಲೆಯ ದರ, ಗಡಿಯ ತೂಕ, ಹಡಗಿನ ಫೋನು, ಈ ಮೂರನ್ನು ಕಟ್ಟುನಿಟ್ಟು ಮಾಡಿದರೆ ಸಾಕು.

ವಿರೋಧ
ಮೊದಲು ನಮ್ಮ ಓಣಿ ದಾಟಲಿ

ಭಾವ ಬರೆದದ್ದನ್ನು ಅವನ ಅಕ್ಕನಿಗೆ ಓದಿ ಹೇಳಿದೆ. ಅವಳು ತಮ್ಮನ ಪಕ್ಷ. ಮನೆಯಲ್ಲಿ ನಾನು ಅಲ್ಪಸಂಖ್ಯಾತ ಎಂದು ಮೊದಲೇ ಹೇಳಿಬಿಡುತ್ತೇನೆ.

ಒಂದು ಫರ್ಸಾಣ್ ಪ್ಯಾಕೆಟ್ ಹಿಡಿದುಕೊಂಡು ನಾಲ್ಕು ರಾಜ್ಯಕ್ಕೆ ಮಂಡಳಿ ಕೇಳುವ ಧೈರ್ಯ ಮೀನು ಮಾರುವವರಿಗೇ ಇರಬೇಕು. ಪ್ಯಾಕೆಟ್ ಗಂಗೊಳ್ಳಿಗೆ ಹೇಗೆ ಬಂತೆಂದು ಅವನು ಚಂದವಾಗಿ ಹೇಳಿದ. ಕಡಲಿಗೆ ಹೇಗೆ ಬಿತ್ತೆಂದು ಹೇಳಲಿಲ್ಲ. ಅದು ನನಗೆ ಗೊತ್ತು, ಯಾಕೆಂದರೆ ಅದು ಬೀಳುವ ಜಾಗದಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ನನ್ನ ಅಡುಗೆಮನೆ ಇದೆ.

2005ರ ಜುಲೈ 26. ಸಾಂತಾಕ್ರೂಜ್‌ನಲ್ಲಿ ಆ ಒಂದು ದಿನ 944 ಮಿ.ಮೀ. ಮಳೆ. ಸಂಜೆಯ ಹೊತ್ತಿಗೆ ಮಿಠಿ ನದಿಯ ನೀರು ನಮ್ಮ ಮೆಟ್ಟಿಲು ಹತ್ತಿ, ಗಲ್ಲಾ ಮುಳುಗಿಸಿ, ಗೋಡೆಯ ದೇವರ ಪಟದ ಕಾಲು ಮುಟ್ಟಿ ನಿಂತಿತು. ಅಟ್ಟದ ಮೇಲೆ ಹನ್ನೊಂದು ಜನ ರಾತ್ರಿಯಿಡೀ ಕುಳಿತಿದ್ದೆವು. ನೀರಿಳಿದ ಮೇಲೆ ಶಟರಿನ ಸಂದಿಯಲ್ಲೆಲ್ಲ ಥೈಲಿಗಳು ಬಾವಲಿಗಳ ಹಾಗೆ ಜೋತಾಡುತ್ತಿದ್ದವು. ಹಿತ್ತಲಿನ ಮೋರಿ ನೀರು ಎಳೆಯುತ್ತಿರಲಿಲ್ಲ. ಕೈ ಹಾಕಿ ಎಳೆದೆ. ಒಂದು ಥೈಲಿ ಬಂತು, ಅದರ ಬಾಲ ಹಿಡಿದು ಇನ್ನೊಂದು, ಅದರ ಹಿಂದೆ ಮತ್ತೊಂದು. ಅವುಗಳಲ್ಲಿ ಎರಡು ಮೂರು ನಮ್ಮದೇ ಸಾಂಬಾರಿನ ಪಾರ್ಸೆಲ್ಲು. ಬಾಯಿಗೆ ನಮ್ಮ ಹುಡುಗ ಸುತ್ತಿದ ಬಿಳಿ ದಾರ ಹಾಗೇ ಇತ್ತು.

ಆ ದಾರ ನೋಡಿದವನಿಗೆ ರತ್ನಾಗಿರಿ, ಕಾರವಾರ ನೆನಪಾಗುವುದಿಲ್ಲ.

ಪ್ರವಾಹ ಆದದ್ದೇ ಮಿಠಿಗೆ ಒಂದು ಪ್ರಾಧಿಕಾರ ಬಂತು, ಮುಖ್ಯಮಂತ್ರಿಯೇ ಅಧ್ಯಕ್ಷರು. ಮಿಠಿ ಎಂದರೆ ಎಷ್ಟು ದೊಡ್ಡ ನದಿ? ವಿಹಾರ್, ಪವಾಯಿ ಕೆರೆಗಳ ಕೋಡಿಯಲ್ಲಿ ಹುಟ್ಟಿ ಮಾಹಿಮ್ ಖಾಡಿಗೆ ಸೇರುವವರೆಗೆ ಸುಮಾರು 18 ಕಿ.ಮೀ. ಮುಂಬೈಯಲ್ಲೇ ಹುಟ್ಟಿ ಮುಂಬೈಯಲ್ಲೇ ಮುಗಿಯುತ್ತದೆ. ಇಷ್ಟು ಪುಟ್ಟ ನದಿಗೂ ಇಬ್ಬರು ಯಜಮಾನರು: ಸುಮಾರು 12 ಕಿ.ಮೀ. ಪಾಲಿಕೆಗೆ, ಉಳಿದ 6 ಕಿ.ಮೀ. ಎಂಎಂಆರ್‌ಡಿಎಗೆ, ಅಂದರೆ ಮುಂಬೈ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಕ್ಕೆ. ಇಪ್ಪತ್ತು ವರ್ಷ ಹೂಳೆತ್ತಿದ್ದಾರೆ. ಆ ಹೂಳೆತ್ತುವ ಗುತ್ತಿಗೆಯಲ್ಲೇ ಸುಮಾರು 65 ಕೋಟಿ ರೂಪಾಯಿ ವಂಚನೆ ಆಗಿದೆಯೆಂಬ ಆರೋಪದ ಮೇಲೆ 2025ರ ಮೇ ತಿಂಗಳಲ್ಲಿ ಮುಂಬೈ ಪೊಲೀಸರು ಪ್ರಕರಣ ದಾಖಲಿಸಿದರು. ಒಂದೇ ರಾಜ್ಯ, ಒಂದೇ ಊರು, ಒಂದೇ ಅಧ್ಯಕ್ಷರು ಇದ್ದ ಕಡೆಯೇ ಹೀಗೆ. ಭಾವನ ಮಂಡಳಿಯಲ್ಲಿ ನಾಲ್ವರು ಮುಖ್ಯಮಂತ್ರಿಗಳು.

ಪ್ಲಾಸ್ಟಿಕ್ ಯಾವ ನದಿಯಿಂದ ಬರುತ್ತದೆ ಎಂಬುದರಲ್ಲೂ ಜನರ ತಿಳಿವಳಿಕೆ ಹಳೆಯದಾಗಿದೆ. 2017ರ ಒಂದು ಅಧ್ಯಯನ, ನದಿಗಳು ಕಡಲಿಗೆ ಒಯ್ಯುವ ಪ್ಲಾಸ್ಟಿಕ್‌ನ ಶೇ 88ರಿಂದ 95ರಷ್ಟು ಹತ್ತೇ ದೊಡ್ಡ ನದಿಗಳದ್ದು ಎಂದಿತ್ತು. ಗಂಗೆ, ಸಿಂಧು ಆ ಪಟ್ಟಿಯಲ್ಲಿದ್ದವು. ಸಿಂಧು, ಗಂಗೆ ಎಂದ ಮೇಲೆ ದೇಶ ದೇಶಗಳ ಒಪ್ಪಂದ ಬೇಕು ಅನಿಸುವುದು ಸಹಜ. 2021ರಲ್ಲಿ ಬಂದ ಹೊಸ ಅಧ್ಯಯನ ಅದನ್ನು ತಲೆಕೆಳಗು ಮಾಡಿತು: ಶೇ 80ರ ಲೆಕ್ಕ ತುಂಬಲು 1000ಕ್ಕೂ ಹೆಚ್ಚು ನದಿ ಬೇಕು, ಅವುಗಳಲ್ಲಿ ಬಹಳಷ್ಟು ಊರೊಳಗೆ ಹರಿದು ನೇರ ಕಡಲಿಗೆ ಬೀಳುವ ಗಿಡ್ಡ ನದಿಗಳು. ಮೊದಲ ಹತ್ತರೊಳಗೆ ನಮ್ಮ ಕಲ್ಯಾಣದ ಮಗ್ಗುಲಿನ ಉಲ್ಹಾಸ್ ಇದೆ. ಕಾರಣ ಸರಳ. ಉದ್ದ ನದಿಯಲ್ಲಿ ಕಸ ದಡದ ಮುಳ್ಳಿಗೆ, ಸೇತುವೆಯ ಕಂಬಕ್ಕೆ, ಅಣೆಕಟ್ಟಿನ ಹಿನ್ನೀರಿಗೆ ಸಿಕ್ಕಿಕೊಳ್ಳುತ್ತದೆ. ಪುಣೆಯ ಥೈಲಿ ಉಜನಿ ದಾಟಿ, ಕಲಬುರಗಿ ದಾಟಿ, ಕೃಷ್ಣೆ ಸೇರಿ, ಆಂಧ್ರದ ಕಡಲು ಕಾಣುವಷ್ಟರಲ್ಲಿ ಅದಕ್ಕೆ ಮೊಮ್ಮಕ್ಕಳಾಗಿರುತ್ತವೆ. ಕುರ್ಲಾದ ಥೈಲಿಗೆ ಕಡಲು ಒಂದು ಇಳಿತದ ದೂರ. ಉಲ್ಹಾಸ್, ಮಿಠಿ, ದಹಿಸರ್, ಪೊಯಿಸರ್, ಓಶಿವಾರಾ, ಇವುಗಳಲ್ಲಿ ಒಂದೂ ಮಹಾರಾಷ್ಟ್ರದ ಗಡಿ ದಾಟುವುದಿಲ್ಲ. ರೋಗ ಕಾಲಿನಲ್ಲಿ, ಭಾವ ಪಟ್ಟಿ ಕಟ್ಟುತ್ತಿರುವುದು ತಲೆಗೆ.

ಈಗ ನಾಲಾದಲ್ಲಿ ಏನಿರುತ್ತದೆ ನೋಡೋಣ. ಹಾಲಿನ ಖಾಲಿ ಪಾಕೀಟು ನಮ್ಮ ನಾಲಾದಲ್ಲಿ ಕಾಣುವುದೇ ಅಪರೂಪ. ನನ್ನ ಹೋಟೆಲಿನಲ್ಲಿ ದಿನಕ್ಕೆ ನೂರಾರು ಪಾಕೀಟು ಒಡೆಯುತ್ತದೆ. ಚಾ ಮಾಡುವ ಹುಡುಗ ಒಂದೊಂದನ್ನೂ ತೊಳೆದು, ಕಂಬಿಗೆ ಒಣಹಾಕಿ, ಕಟ್ಟು ಕಟ್ಟಿ ಗುಜರಿ ಕೊಳ್ಳುವ ಭಂಗಾರದವನಿಗೆ ಮಾರುತ್ತಾನೆ. ಅದು ಅವನ ಬೀಡಿ ಖರ್ಚು, ನಾನು ಕೇಳುವುದಿಲ್ಲ. ನೀರಿನ ಬಾಟಲಿ ರಸ್ತೆಗೆ ಬಿದ್ದ ಐದು ನಿಮಿಷಕ್ಕೆ ಯಾರದೋ ಗೋಣಿಗೆ ಸೇರುತ್ತದೆ, ಅಲ್ಲಿಂದ ಧಾರಾವಿಗೆ. ಹಾಗಾದರೆ ನಾಲಾ ತುಂಬಿರುವುದು ಯಾವುದರಿಂದ? ಭಂಗಾರದವನು ಕೊಳ್ಳದ್ದರಿಂದ. ತೆಳು ಥೈಲಿ, ಶಾಂಪೂ ಚೀಟಿ, ಕುರುಕಲಿನ ಬೆಳ್ಳಿ ಪ್ಯಾಕೆಟ್ಟು, ಗುಟ್ಖಾ ಪೌಚು. ಗುಟ್ಖಾ ಮಹಾರಾಷ್ಟ್ರದಲ್ಲಿ 2012ರಿಂದ ನಿಷೇಧ, ಪೌಚು ಮಾತ್ರ ಈಗಲೂ ತೇಲುತ್ತಿದೆ. ಭಾವನ ಫರ್ಸಾಣ್ ಪ್ಯಾಕೆಟ್ಟೂ ಇದೇ ಜಾತಿ: ಎರಡು ಮೂರು ಪದರ ಅಂಟಿಸಿದ್ದು, ಬಿಡಿಸಲು ಬರುವುದಿಲ್ಲ, ಕರಗಿಸಿದರೆ ಕೆಲಸಕ್ಕೆ ಬರುವುದಿಲ್ಲ, ಹಾಗಾಗಿ ಬೆಲೆ ಸೊನ್ನೆ. ಅದಕ್ಕೆ ಒಂದು ಬೆಲೆ ಹುಟ್ಟಿಸಿ, ಹುಟ್ಟಿಸದ ಕಂಪನಿಯಿಂದ ದುಡ್ಡು ವಸೂಲು ಮಾಡಿ ಎಂದರೆ ಒಪ್ಪುತ್ತೇನೆ. ಅದಕ್ಕೂ ಮಂಡಳಿ ಬೇಕಿಲ್ಲ, ಕಾನೂನು ಇದ್ದೇ ಇದೆ. ಕಂಪನಿಗಳು ತಮ್ಮ ಪ್ಯಾಕೆಟ್ಟಿನ ಹೊಣೆ ತಾವೇ ಹೊರಬೇಕೆಂದು 2022ರ ಫೆಬ್ರವರಿಯಲ್ಲಿ ಇಡೀ ದೇಶಕ್ಕೆ ನಿಯಮ ಬಂತು. ಮರುವರ್ಷವೇ ಲಕ್ಷಗಟ್ಟಲೆ ನಕಲಿ ಮರುಬಳಕೆ ಪ್ರಮಾಣಪತ್ರಗಳು ಸಿಕ್ಕಿಬಿದ್ದವು.

ಒಂದೇ ನಿಯಮ ಇಲ್ಲದ್ದೇ ತೊಂದರೆ ಎಂಬ ಮಾತೂ ಹಾಗೇ. 2018ರ ಜೂನ್ 23ರಿಂದ ಮಹಾರಾಷ್ಟ್ರದ ನಿಷೇಧ ಜಾರಿಗೆ ಬಂದಾಗ ಮೊದಲ ತಪ್ಪಿಗೆ 5,000 ರೂಪಾಯಿ ದಂಡ. ಆ ಒಂದು ತಿಂಗಳು ನನ್ನ ಹೋಟೆಲಿನ ಮುಂದೆ ಜನ ಸ್ಟೀಲಿನ ಡಬ್ಬಿ ಹಿಡಿದು ನಿಂತಿದ್ದರು, ನಮ್ಮೂರಿನ ಹಾಲಿನ ಡೈರಿಯ ಹಾಗೆ. ಕಣ್ಣಿಗೆ ಹಬ್ಬ. ಒಂದು ಬೆಳಿಗ್ಗೆ ತಪಾಸಣೆಗೆ ಬಂದವರು ನಮ್ಮ ಇಡ್ಲಿ ಪಾತ್ರೆಯೊಳಗಿನ ಬಟ್ಟೆಯನ್ನೂ ಎಳೆದು ನೋಡಿದರು. ಆಮೇಲೆ ಬರುವುದು ನಿಲ್ಲಿಸಿದರು. ಥೈಲಿಯವನು ವಾಪಸು ಬಂದದ್ದು ಬಾರ್ಡರ್ ತೆರೆದಿದ್ದರಿಂದಲ್ಲ ಭಾವ, ಕೇಳುವವರು ಹೋದದ್ದರಿಂದ. 2022ರ ಜುಲೈ 1ರಿಂದ ದೇಶಕ್ಕೆಲ್ಲ ಒಂದೇ ನಿಷೇಧ. ಆ ವರ್ಷದ ಕೊನೆಯಿಂದ 120 ಮೈಕ್ರಾನ್‌ಗಿಂತ ತೆಳು ಚೀಲ ಎಲ್ಲೂ ಇರಬಾರದು. ಬಾರ್ಡರಿನ ಈಚೆಗೂ ಆಚೆಗೂ ಈಗ ಒಂದೇ ನಿಯಮ. ಥೈಲಿಯವನು ನಿನ್ನೆಯೂ ಬಂದಿದ್ದ. ನಾನು ತೆಗೆದುಕೊಳ್ಳಲಿಲ್ಲ, ಪಕ್ಕದ ಅಂಗಡಿಯವನು ತೆಗೆದುಕೊಂಡ.

ಆಗಿರುವ ಒಳ್ಳೆಯ ಕೆಲಸ ಯಾವುದನ್ನೇ ನೋಡಿ, ಒಬ್ಬರೇ ಮಾಡಿದ್ದು. ಭಾವ ಹೊಗಳಿದ ನೀಂಡಕರ ಕೇರಳದ್ದು, ಅವರು ಕರ್ನಾಟಕವನ್ನು ಕಾಯಲಿಲ್ಲ. ವರ್ಸೋವಾದ ದಂಡೆಯ ಕಸ ಎತ್ತಲು 2015ರಲ್ಲಿ ಅಫ್ರೋಜ್ ಶಾ ಎಂಬ ವಕೀಲರು ನೆರೆಮನೆಯ ಅಜ್ಜನೊಬ್ಬರ ಜೊತೆ ಇಳಿದರು. 2018ರಲ್ಲಿ ಅಲ್ಲಿ ಆಮೆ ಮರಿಗಳು ಕಡಲಿಗೆ ಹೋದವು. ಪುಣೆಯಲ್ಲಿ ಕಸ ಆಯುವ ಹೆಂಗಸರೇ ಸೇರಿ ಕಟ್ಟಿದ ಸ್ವಚ್ಛ್ ಸಹಕಾರಿ ಸಂಘ ಮನೆ ಬಾಗಿಲಿಗೆ ಹೋಗಿ ಕಸ ಒಯ್ಯುತ್ತದೆ. ಮುಠಾ ನದಿಗೆ ಬೀಳದ ಪ್ಲಾಸ್ಟಿಕ್ ಎಷ್ಟೋ ಅವರ ಗಾಡಿಯಲ್ಲಿದೆ. ಭೀಮೆಯ ಗಡಿಯಲ್ಲಿ ತೂಗುವ ದುಡ್ಡನ್ನು ಆ ಗಾಡಿಗೆ ಕೊಡಿ.

ಮಂಡಳಿ ಬಂದರೆ ಏನಾಗುತ್ತದೆಂದು ಊಹಿಸಲು ನನಗೆ ಕಷ್ಟವಿಲ್ಲ. ಮಹದಾಯಿಗೆ 2010ರಲ್ಲಿ ನ್ಯಾಯಮಂಡಳಿ, 2018ರಲ್ಲಿ ತೀರ್ಪು, ಆಮೇಲೆ ಮೂರೂ ರಾಜ್ಯ ಸುಪ್ರೀಂ ಕೋರ್ಟಿಗೆ. ಪ್ಲಾಸ್ಟಿಕ್ ಮಂಡಳಿಯಲ್ಲಿ ಮೊದಲ ಸಭೆಗೇ ನೀರಿನ ಫೈಲು ಬರುತ್ತದೆ. ನಿಮ್ಮ ಕಸ ಬಂದಿದೆ, ಅದಕ್ಕೆ ಇನ್ನರ್ಧ ಟಿಎಂಸಿ ಬಿಡಿ ಎಂದು ಒಬ್ಬರು, ನೀರು ಕಮ್ಮಿ ಇದ್ದದ್ದರಿಂದಲೇ ಕಸ ನಿಂತಿತು ಎಂದು ಇನ್ನೊಬ್ಬರು. ದೇಶಗಳ ಕತೆ ಇದಕ್ಕಿಂತ ಭಿನ್ನವಲ್ಲ. ಸಾರ್ಕ್ ಶೃಂಗಸಭೆ ಕೊನೆಯ ಸಲ ಸೇರಿದ್ದು 2014ರಲ್ಲಿ. ಪ್ಲಾಸ್ಟಿಕ್ ಒಪ್ಪಂದಕ್ಕೆಂದು 2022ರಲ್ಲಿ ನೈರೋಬಿಯಲ್ಲಿ ಠರಾವು ಮಾಡಿದ ಜಗತ್ತು 2024ರಲ್ಲಿ ಬುಸಾನ್‌ನಲ್ಲೂ 2025ರ ಆಗಸ್ಟಿನಲ್ಲಿ ಜಿನೀವಾದಲ್ಲೂ ಬರಿಗೈಲಿ ಎದ್ದು ಹೋಯಿತು. ಅದಕ್ಕಿಂತ ನನಗೆ ಹೆಚ್ಚು ಭಯ ಬೇರೆ: ಮಂಡಳಿ ಒಂದು ಬಂದರೆ ನಮ್ಮ ವಾರ್ಡಿನವನಿಗೆ ಕೈ ತೋರಿಸಲು ಒಂದು ದಿಕ್ಕು ಸಿಗುತ್ತದೆ. "ಜಂಟಿ ಸಮಿತಿ ನೋಡುತ್ತಿದೆ ಅಣ್ಣ" ಎನ್ನುತ್ತಾನೆ. ಈಗ ಅವನು ಕನಿಷ್ಠ ನಾಚಿಕೆಯಿಂದ ತಲೆ ತಗ್ಗಿಸುತ್ತಾನೆ.

ಹಡಗಿನ ವಿಷಯದಲ್ಲಿ ಭಾವನ ಮಾತಿಗೆ ನನ್ನ ಬಳಿ ಉತ್ತರವಿಲ್ಲ. ಹಜೀರಾದಲ್ಲಿ ಇಳಿಸದ ಡಬ್ಬ ಕೊಲಂಬೋ ಎದುರಿಗೆ ಹಡಗನ್ನೇ ಸುಟ್ಟಿತು, ಅದು ಒಂದು ರಾಜ್ಯದ, ಒಂದು ವಾರ್ಡಿನ ಕೆಲಸವಲ್ಲ. ಅದಕ್ಕೆ ಕೋಸ್ಟ್ ಗಾರ್ಡ್ ಇದೆ, ಬಂದರುಗಳಿವೆ, ಅವರೊಳಗೆ ಕಟ್ಟುನಿಟ್ಟಿನ ಕರಾರು ಆಗಲಿ. ಬಲೆಗೆ ಒಂದೇ ದರ ಎಂಬುದೂ ಚೆನ್ನಾಗಿದೆ, ಮೀನುಗಾರಿಕೆ ಇಲಾಖೆಗಳು ಒಂದು ಸುತ್ತೋಲೆಯಲ್ಲಿ ಮುಗಿಸಬಹುದು. ಉಳಿದದ್ದಕ್ಕೆ ನಾನು ಒಪ್ಪುವುದಿಲ್ಲ.

ಇದನ್ನು ಬರೆಯುತ್ತಿರುವುದು ಮೇ ಕೊನೆಯ ವಾರದಲ್ಲಿ. ಹಿತ್ತಲಿನ ನಾಲಾದಿಂದ ಗುತ್ತಿಗೆದಾರನ ಜನ ಮೊನ್ನೆ ಹೂಳೆತ್ತಿ, ಒಣಗಲಿ ಎಂದು ಅಂಚಿನಲ್ಲೇ ಗುಡ್ಡೆ ಹಾಕಿ ಹೋಗಿದ್ದಾರೆ. ಹೋದ ವರ್ಷವೂ ಹೀಗೇ ಹಾಕಿದ್ದರು, ಲಾರಿ ಬರುವ ಮೊದಲು ಮಳೆ ಬಂತು. ಗುಡ್ಡೆಯ ಬುಡಕ್ಕೆ ನಾನು ಎರಡು ಸಾಲು ಇಟ್ಟಿಗೆ ಇಟ್ಟಿದ್ದೇನೆ. ಇವತ್ತು ಸಂಜೆ ಪಡುವಣದಲ್ಲಿ ಮೋಡ ಕಟ್ಟಿದೆ, ಲಾರಿ ಇನ್ನೂ ಬಂದಿಲ್ಲ.